ತೋರಿಸಲು ಬಿಟ್ಟ ಭತ್ತ

ಒಂಬತ್ತನೇ ದಿನವೂ ಜಟ್ಟು ಗೌಡ ಗಜನಿ ಕಟ್ಟೆಯ ಮೇಲೆ ಕೂತು ಹಕ್ಕಿ ಓಡಿಸುತ್ತಿದ್ದ. ಒಂದು ಕೈಯಲ್ಲಿ ಹಳೇ ಡಾಲ್ಡಾ ಡಬ್ಬಿ, ಇನ್ನೊಂದರಲ್ಲಿ ಕೋಲು. ಮೂವತ್ತೊಂದು ಮನೆಯ ಗದ್ದೆಗೆ ಬಾಗಿಲು ಕಾಯುವ ಮನುಷ್ಯ, ಹೊಳೆಯ ಏರಿಳಿತವನ್ನು ಗಡಿಯಾರ ನೋಡದೆ ಹೇಳುವವ, ಈಗ ನೀರುಕೋಳಿಗಳ ಎದುರು ಡಬ್ಬಿ ಬಡಿಯುವುದಕ್ಕೆ ಬಂದು ನಿಂತಿದ್ದ. ಕೋಳಿಗಳಿಗೂ ಅವನ ಅವಸ್ಥೆ ಗೊತ್ತಾಗಿತ್ತು. ಬಡಿದರೆ ನಾಲ್ಕು ಮಾರು ಆಚೆ ಹೋಗಿ ಕೂರುತ್ತಿದ್ದವು. ಕೈ ಸೋತು ಅವನು ಡಬ್ಬಿ ಕೆಳಗಿಟ್ಟ ಕೂಡಲೇ ಮತ್ತೆ ಬಂದು ತೆನೆಗೆ ಬಾಯಿ ಹಾಕುತ್ತಿದ್ದವು.

ಮಂಜಗುಣಿಯ ಈಚೆ, ಗಂಗಾವಳಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು, ಈ ಗಜನಿ. ಗಜನಿ ಅಂದರೆ ಹೊಳೆಯ ಉಪ್ಪುನೀರು ಹೊಗುವ ಗದ್ದೆ. ಸುತ್ತ ಮಣ್ಣಿನ ಕಟ್ಟೆ, ಕಟ್ಟೆಯಲ್ಲೊಂದು ಹಲಗೆ ಬಾಗಿಲು. ಅದಕ್ಕೆ ಇಲ್ಲಿಯವರು ಜಂತ್ರಡಿ ಅನ್ನುತ್ತಾರೆ. ಮಳೆಗಾಲದಲ್ಲಿ ಬಾಗಿಲು ಹಾಕಿ, ಉಪ್ಪು ತೊಳೆದುಹೋದ ಮೇಲೆ ಕಗ್ಗ ಬಿತ್ತುತ್ತಾರೆ. ಕಗ್ಗ ಬೇರೆ ಭತ್ತದ ಹಾಗಲ್ಲ. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ, ಎದೆಮಟ್ಟ ನೀರಲ್ಲೂ ತಲೆ ಎತ್ತಿ ನಿಲ್ಲುತ್ತದೆ, ಕಟ್ಟೆ ಜಿನುಗಿ ಉಪ್ಪುನೀರು ಬಂದರೆ ಅದನ್ನೂ ಕುಡಿದು ಬದುಕುತ್ತದೆ. ಕೊಯ್ಯುವುದು ತೆನೆ ಮಾತ್ರ, ಪಾತಿ ದೋಣಿಯಲ್ಲಿ ನಿಂತು. ಹುಲ್ಲು ನೀರಲ್ಲೇ ಉಳಿದು ಕೊಳೆಯುತ್ತದೆ. ಆಮೇಲೆ ಬಾಗಿಲು ತೆಗೆದರೆ ಹೊಳೆಯ ಸಿಗಡಿ ಒಳಗೆ ಬಂದು ಆ ಕೊಳೆತ ಹುಲ್ಲಿನಲ್ಲಿ ಮೇಯುತ್ತದೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ಗಜನಿಯ ನಡುವೆ ಒಂದು ತುಂಡು ಬೀಜದ್ದು. ಕಾಗದದಲ್ಲಿ ಅದು ಯಾರದ್ದಾದರೂ ಇರಲಿ, ಅದರ ತೆನೆ ಊರಿಗೆಲ್ಲ ಬೀಜ. ಬೇರೆಲ್ಲ ಕೊಯ್ಲು ಮುಗಿದ ಮೇಲೆ, ಹುಣ್ಣಿಮೆ ಕಳೆದು ಮೂರು ದಿನದೊಳಗೆ, ಹೆಂಗಸರು ಹೋಗಿ ಅದನ್ನು ಕೊಯ್ದು ತರುತ್ತಾರೆ. ಬೀಜ ಮನೆ ಸೇರುವ ತನಕ ಬಾಗಿಲು ತೆಗೆಯುವ ಹಾಗಿಲ್ಲ. ಜಟ್ಟುವಿನ ಅಜ್ಜನ ಕಾಲದಿಂದ ಹೀಗೇ.

ಈ ಸಲ ಮೂರು ದಿನ ಹೋಗಿ ಒಂಬತ್ತಾಗಿತ್ತು. ತುಂಡು ಇನ್ನೂ ನಿಂತಿತ್ತು. ಸರಕಾರಕ್ಕೆ ತೋರಿಸಬೇಕಾಗಿತ್ತು.

ಶುರುವಾದದ್ದು ಹುಣ್ಣಿಮೆಯ ಸಂಜೆ. ದೇವಾನಂದ ನಾಯಕ ಒಂದು ಝೆರಾಕ್ಸ್ ಕಾಗದ ಹಿಡಿದುಕೊಂಡು ಜಟ್ಟುವಿನ ಅಂಗಳಕ್ಕೆ ಬಂದ. ದೇವಾನಂದ ಕಾರವಾರದಲ್ಲಿ ಆಫೀಸು ಕೆಲಸದವ. ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾಗುವಾಗ ಬರುತ್ತಾನೆ. ಅವರ ಮನೆಯದ್ದೂ ಆರು ಗುಂಟೆ ಗಜನಿಯಲ್ಲಿದೆ. ಅವನು ಗದ್ದೆಗೆ ಇಳಿದು ಇಪ್ಪತ್ತು ವರ್ಷವಾಗಿರಬೇಕು, ಆದರೆ ಅವನ ಅಮ್ಮ ಗಂಗೂಬಾಯಿಗೆ ಈಗಲೂ ಕಗ್ಗದ ಕೆಂಪು ಗಂಜಿಯೇ ಆಗಬೇಕು.

"ಜಟ್ಟು, ಇದನ್ನ ಕೇಳು," ಅಂತ ಜಗಲಿಯ ಮೇಲೆ ಕೂತು ಓದಿದ. ಸಣ್ಣ ಹಿಡುವಳಿಯ ಕುಟುಂಬಗಳಿಗೆ ಬೆಂಬಲ. ಊರಿನ ಅನ್ನ ಊರಿಗೆ. ಹವಾಮಾನ ಬದಲಾವಣೆಯಿಂದ ಕರಾವಳಿಯ ಕೃಷಿಭೂಮಿಯ ರಕ್ಷಣೆ. ಕಾಗದದ ಮಾತು ಎಷ್ಟು ಚಂದ ಅಂದರೆ ಜಟ್ಟುವಿಗೆ ತನ್ನ ಬಗ್ಗೆಯೇ ಬರೆದದ್ದು ಅಂತ ಗೊತ್ತಾಗಲಿಲ್ಲ.

"ಹಂಗಂದ್ರೆ ಎಂತದು ನಾಯಕ್ರೇ?"

"ಹಂಗಂದ್ರೆ ಕಟ್ಟೆಗೆ ಕಲ್ಲು. ಬಡಗಣ ಮೂಲೆಯಿಂದ ಬಾಗಿಲ ತನಕ ಚಿರೇಕಲ್ಲು ಕಟ್ಟಿ ಕೊಡ್ತಾರೆ. ಸಮುದ್ರ ಏರ್ತಾ ಇದೆ, ಗೊತ್ತಲ್ಲ?"

ಜಟ್ಟು ನಗಲಿಲ್ಲ. ಸಮುದ್ರ ಏರುವುದು ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು. ಬಾಗಿಲ ಪಕ್ಕದ ಕಲ್ಲುಕಂಬದಲ್ಲಿ ಅಜ್ಜ ಉಳಿಯಲ್ಲಿ ಕೊರೆದ ಗೆರೆಯಿದೆ, ದೊಡ್ಡ ಭರತಿಯ, ಅಂದರೆ ಉಬ್ಬರದ, ನೀರು ಇಲ್ಲಿ ತನಕ ಬರುತ್ತದೆ ಅಂತ. ಈಗ ಭರತಿ ಆ ಗೆರೆಯ ಮೇಲೆ ಒಂದು ಗೇಣು ಹೋಗುತ್ತದೆ. ಎರಡು ಮಳೆಗಾಲದಿಂದ ಬಡಗಣ ಮೂಲೆಯಲ್ಲಿ ಕಟ್ಟೆ ಬೆವರುತ್ತಿತ್ತು. ಮೊದಲಾದರೆ ಮನೆಗೊಂದಾಳು ಬಂದು ಹೊಳೆಯ ಮಣ್ಣು, ತೆಂಗಿನ ಗರಿ ಹಾಕಿ ತುಳಿದು ಸರಿ ಮಾಡುತ್ತಿದ್ದರು. ಈಗ ಮನೆಗೊಂದಾಳು ಎಲ್ಲಿ? ಅರ್ಧ ಜನ ಟ್ರಾಲರ್ ಮೇಲೆ, ಉಳಿದವರು ರಸ್ತೆ ಕೆಲಸದಲ್ಲಿ. ಹೊಳೆಯ ಆಚೆ ದಡದ ಗಜನಿ ನಾಲ್ಕು ವರ್ಷದ ಹಿಂದೆ ಒಂದು ಆಷಾಢದಲ್ಲಿ ಒಡೆಯಿತು. ಈಗ ಅಲ್ಲಿ ಯಾರೋ ಹೊರಗಿನವರ ಸಿಗಡಿ ಕೆರೆ. ಒಡೆಯರಾಗಿದ್ದವರು ಅಲ್ಲೇ ವಾಚ್‌ಮನ್ನರು.

"ಹಾಕ್ಲಿ ಕಲ್ಲು. ಬೇಡ ಅಂದವ್ರ್ಯಾರು?"

"ಒಂದು ತೊಡಕಿದೆ," ಅಂದ ದೇವಾನಂದ. "ಪಹಣಿಯಲ್ಲಿ ನಮ್ಮ ಗಜನಿ ಬೀಳು ಅಂತಿದೆ. ಬೆಳೆ ಕಾಲಂ ಖಾಲಿ. ಬೀಳು ಬಿದ್ದ ಭೂಮಿಗೆ ಕಲ್ಲಿಲ್ಲ."

ಹನ್ನೆರಡು ವರ್ಷದಿಂದ ಬೀಳು ಅಂತಲೇ ಬರೆದುಕೊಂಡು ಬಂದಿದ್ದರಂತೆ. ಬರೆಯುವವರು ಬರುವುದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಗಜನಿ ತುಂಬ ಹೊಳೆಯ ನೀರು. ಅವರು ರಸ್ತೆಯ ಮೇಲೆ ನಿಂತು ನೀರು ನೋಡಿದರು, ಬೀಳು ಅಂತ ಬರೆದರು, ಎಳನೀರು ಕುಡಿದು ಹೋದರು. ಅದೇ ಗದ್ದೆಯ ಅನ್ನ ಉಂಡು ದೊಡ್ಡವನಾದ ದೇವಾನಂದನೂ ಹನ್ನೆರಡು ವರ್ಷ ಆ ಕಾಲಂ ನೋಡಿರಲಿಲ್ಲ.

ಜಟ್ಟುವಿನ ಹೆಂಡತಿ ಸುಕ್ರಿ ಒಳಗಿಂದ ಒಂದು ಮೊರ ಭತ್ತ ತಂದು ಅವನ ಮುಂದೆ ಇಟ್ಟಳು. "ಇದು ಬೀಳಲ್ಲಿ ಬೆಳೀತಾ? ತಕಂಡೋಗಿ ತೋರ್ಸಿ."

"ಭತ್ತ ಎಲ್ಲಿಂದಾದ್ರೂ ತರಬಹುದು ಅಂತಾರೆ ಸುಕ್ರಿ. ಗದ್ದೆಯಲ್ಲಿ ನಿಂತ ಬೆಳೆ ಆಗಬೇಕು. ಪಹಣಿ ಬರೆಯುವ ಮೇಡಂ ಬಂದು ಕಣ್ಣಲ್ಲಿ ನೋಡಿ ಫೋಟೋ ತೆಗೀಬೇಕು. ಗುರುವಾರ ಬತ್ತಾರೆ. ಈಗ ಎಂತ ನಿಂತದೆ ಗದ್ದೆಯಲ್ಲಿ?"

ನಿಂತದ್ದು ಬೀಜದ ತುಂಡು ಒಂದೇ. ಜಟ್ಟು ಹೆಂಡತಿಯ ಮುಖ ನೋಡಿದ. ಅವಳು ಮೊರ ಎತ್ತಿಕೊಂಡು ಒಳಗೆ ಹೋಗುತ್ತ ಅಂದಳು, "ಬೀಜ ಯಾರಿಗೂ ತೋರ್ಸೂಕೆ ಇಡೂದಲ್ಲ."

"ಗುರುವಾರ ತನಕ. ಐದು ದಿನ," ಅಂದ ಜಟ್ಟು.

ಗುರುವಾರ ಜಟ್ಟು ಇಸ್ತ್ರಿ ಇಲ್ಲದ ಬಿಳಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ನಿಂತ. ಬೆಳಗಿನ ಭರತಿ ಬಂತು, ಇಳಿಯಿತು. ಮಧ್ಯಾಹ್ನವಾಯಿತು. ಮೇಡಂ ಬರಲಿಲ್ಲ. ಸಂಜೆ ಬಸ್ಸಿಳಿದು ಬಂದ ದೇವಾನಂದ, ಕಾರವಾರದಲ್ಲಿ ಮೀಟಿಂಗ್ ಇತ್ತಂತೆ, ಸೋಮವಾರ ಖಂಡಿತ ಅಂದ. ಮೀಟಿಂಗ್ ಯಾವುದರ ಬಗ್ಗೆ ಅಂತ ಸುಕ್ರಿ ಕೇಳಿದಳು. ಇದೇ ಯೋಜನೆಯ ಬಗ್ಗೆ ಅಂದ ದೇವಾನಂದ, ನಾಚಿಕೆಪಟ್ಟುಕೊಂಡು.

ಅವತ್ತೇ ಹರಿಶ್ಚಂದ್ರ ಬಂದ. ಹಟ್ಟಿಕೇರಿಯವ, ಈ ವರ್ಷ ಬಾಗಿಲಿಗೆ ಬಲೆ ಕಟ್ಟುವ ಹಕ್ಕು ಹಿಡಿದವ. ಬಾಗಿಲು ತೆಗೆದರೆ ಅವನಿಗೆ ಸಿಗಡಿ, ಇಲ್ಲದಿದ್ದರೆ ಬಲೆ ಹೆಗಲ ಮೇಲೆ.

"ಎಂತ ಗೌಡಾ, ನಿನ್ನ ಹೊಸ ಕೆಲಸ ಹೆಂಗಿದೆ? ಸರಕಾರದವ್ರು ಹಕ್ಕಿ ಓಡ್ಸೂಕೆ ಪಗಾರ ಕೊಡ್ತ್ರಾ?"

"ಸೋಮವಾರ ತೆಗೀತೆ ಮಾರಾಯಾ."

"ಹೊಳೆಯಲ್ಲಿ ಸಿಗಡಿ ತುಂಬ್ಕಂಡಿದೆ. ಅದ್ಕೂ ಹೇಳು, ಸೋಮವಾರ ಬಾ ಅಂತ. ಮೀಟಿಂಗ್ ಇದೆ ಅಂತ ಹೇಳು."

ಜಟ್ಟುವಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಬರಲೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಬೆಳಗ್ಗೆಯಿಂದ ಡಬ್ಬಿ ಬಡಿದು ಅವನ ತೋಳು ಬಿದ್ದುಹೋದ ಹಾಗಿತ್ತು.

ಕಗ್ಗ ಹಣ್ಣಾದ ಮೇಲೆ ಕಾಯುವುದಿಲ್ಲ. ತೆನೆ ಒಣಗಿದಂತೆ ಕಾಳಿನ ಹಿಡಿತ ಸಡಿಲಾಗುತ್ತದೆ. ಗಾಳಿ ಬೀಸಿದರೆ ನಾಲ್ಕು ಕಾಳು, ಹಕ್ಕಿ ಕೂತರೆ ಹತ್ತು. ದೋಣಿಯಲ್ಲಿ ಹೋಗಿ ತೆನೆ ಮುಟ್ಟಿ ನೋಡಿದರೆ ಕೈಗೆ ಉದುರುತ್ತಿತ್ತು. ಸುಕ್ರಿ ದಿನಕ್ಕೊಂದು ಸಲ ಕಟ್ಟೆಗೆ ಬಂದು ಗಂಜಿ ಕೊಟ್ಟು, ತುಂಡಿನ ಕಡೆ ನೋಡಿ ಹೋಗುತ್ತಿದ್ದಳು. ಭಾನುವಾರ ಮಾತ್ರ ಒಂದು ಮಾತು ಹೇಳಿದಳು.

"ಅರ್ಧ ಕೊಯ್ತೆ. ಅರ್ಧ ಅವ್ರಿಗೆ ಇರ್ಲಿ."

ಜಟ್ಟು ಯೋಚಿಸಿದ. ದೇವಾನಂದ ಹೇಳಿದ್ದ, ಕಡಿಮೆ ಕಂಡರೆ ಕಡಿಮೆ ಬರೆಯುತ್ತಾರೆ, ಇದ್ದದ್ದೇ ಅಂಗೈ ಅಗಲದ ತುಂಡು, ಅದರಲ್ಲೂ ಅರ್ಧ ಅಂದರೆ ಬೆಳೆ ಅಂತ ಯಾರು ನಂಬುತ್ತಾರೆ ಅಂತ. "ನಾಳೆ ಒಂದಿನ," ಅಂದ. ಇಡೀ ಜನ್ಮದಲ್ಲಿ ಹೊಳೆಯ ಮಾತು ಬಿಟ್ಟು ಬೇರೆ ಯಾರ ಮಾತಿಗೂ ಬಾಗಿಲು ಹಾಕಿದವನಲ್ಲ ಅವನು. ಈಗ ಒಂದು ಕಾಗದದ ಮಾತಿಗೆ ಹಾಕಿ ಕೂತಿದ್ದ. ಕಾಗದ ಓದಲೂ ಬರುತ್ತಿರಲಿಲ್ಲ.

ಸೋಮವಾರವೂ ಮೇಡಂ ಬರಲಿಲ್ಲ. ಜೀಪು ಬೇರೆ ಕಡೆ ಹೋಗಿದೆ ಅಂತ ದೇವಾನಂದ ಕಾರವಾರದಿಂದ ಅಂಗಡಿಯ ಫೋನಿಗೆ ಹೇಳಿಸಿದ. ಬುಧವಾರ, ಜೀಪಿಲ್ಲದಿದ್ದರೆ ಬಸ್ಸಲ್ಲಾದರೂ ಬತ್ತಾರಂತೆ. ಅವತ್ತು ಸಂಜೆ ಘಟ್ಟದ ಕಡೆಯಿಂದ ಗುಡುಗು ಹೊರಟಿತು. ರಾಮನಗುಳಿಯ ಮೇಲೆ ಕಪ್ಪಾಗಿದ್ದದ್ದು ಅರ್ಧ ಗಂಟೆಯಲ್ಲಿ ಗಜನಿಯ ಮೇಲಿತ್ತು. ಗಾಳಿ ಮೊದಲು, ಆಮೇಲೆ ಮಳೆ. ಜಟ್ಟು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಕಟ್ಟೆಗೆ ಓಡಿದ. ಓಡಿ ಮಾಡುವುದೇನಿತ್ತು? ನಿಂತು ನೋಡಿದ. ಬೀಜದ ತುಂಡು ಆ ಕಡೆ ಮಲಗಿತು, ಈ ಕಡೆ ಮಲಗಿತು, ಎದ್ದಿತು. ಮಳೆ ನಿಂತು ನೋಡುವಾಗ ತೆನೆಗಳು ಮೊದಲಿಗಿಂತ ನೆಟ್ಟಗೆ ನಿಂತಿದ್ದವು. ಭಾರ ಇಳಿದಿತ್ತಲ್ಲ, ಅದಕ್ಕೆ.

ಸುಕ್ರಿ ಹಿಂದೆ ಬಂದು ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡ. ಅವಳು ಬೈಯಲಿಲ್ಲ.

"ಈಗ ಕೊಯ್ದ್ರೂ ಹುಲ್ಲೇ," ಅಂದಳು. "ಇರ್ಲಿ. ಅವ್ರು ನೋಡ್ಕಂಡೇ ಹೋಗ್ಲಿ."

ಮಂಗಳವಾರ ಜಟ್ಟು ಮನೆಮನೆಗೆ ಹೋಗಿ ಕೇಳಿದ. ಹಿಂದಿನ ವರ್ಷದ ಬೀಜ ಯಾರಲ್ಲಾದರೂ ಉಂಟೇನೋ ಅಂತ. ಯಾರಲ್ಲೂ ಇರಲಿಲ್ಲ. ರೇಶನ್ ಅಕ್ಕಿ ತಿಂಗಳ ಮೂರನೇ ವಾರಕ್ಕೆ ಮುಗಿಯುತ್ತದೆ, ಆಮೇಲೆ ಕಗ್ಗವೇ. ಕೊಯ್ದ ಭತ್ತ ಉಂಟಲ್ಲ, ಅದನ್ನೇ ಬಿತ್ತಬಾರದಾ ಅಂತ ಕೇಳುವವರು ಗಜನಿ ನೋಡಿದವರಲ್ಲ. ಉಣ್ಣುವ ಭತ್ತವನ್ನು ಅರೆಹಸಿ ಇರುವಾಗಲೇ ಕೊಯ್ದು ಕುದಿಸಿ ಒಣಗಿಸಿ ಇಡುತ್ತಾರೆ. ಅದು ಮೊಳೆಯುವುದಿಲ್ಲ. ಬೀಜ ಅಂದರೆ ಆ ಒಂದು ತುಂಡು.

ಹನ್ನೊಂದನೇ ದಿನ, ಬುಧವಾರ, ನೀತಾ ಮೇಡಂ ಬಸ್ಸಲ್ಲಿ ಬಂದಳು. ಹಿಂದೆ ದೇವಾನಂದ, ರಜೆ ಹಾಕಿ. ಮೇಡಂ ಅಂದರೆ ಇಪ್ಪತ್ತೈದರ ಹುಡುಗಿ. ಮುಖದಲ್ಲಿ ನಿದ್ದೆ ಇಲ್ಲ, ಚಪ್ಪಲಿಯ ಪಟ್ಟಿ ಕಿತ್ತು ಪಿನ್ನು ಹಾಕಿದ್ದಾಳೆ, ಹೆಗಲ ಚೀಲದ ತುಂಬ ಫಾರಂ. ಹನ್ನೊಂದು ದಿನದಿಂದ ಜಟ್ಟು ಮನಸ್ಸಿನಲ್ಲೇ ಒಬ್ಬ ದೊಡ್ಡ ಹೊಟ್ಟೆಯ ಸಾಹೇಬನಿಗೆ ಬೈದು ಇಟ್ಟಿದ್ದ. ಆ ಬೈಗಳೆಲ್ಲ ಈ ಹುಡುಗಿಯ ಮುಂದೆ ಯಾವುದಕ್ಕೂ ಬಾರದೆ ಹೋಯಿತು.

"ಎರಡು ಸಲ ತಪ್ಪಿತು, ತಪ್ಪು ತಿಳ್ಕೊಬೇಡಿ," ಅಂದಳು. "ಮೂರು ಸರ್ಕಲ್ಲಿಗೆ ನಾನೊಬ್ಬಳೇ. ಎಲ್ಲಿದೆ ಬೆಳೆ?"

ಜಟ್ಟು ತೋರಿಸಿದ. ಅವಳು ಚಪ್ಪಲಿ ಬಿಚ್ಚಿಟ್ಟು, ಸಲವಾರ್ ಮೊಣಕಾಲ ತನಕ ಎತ್ತಿ, ದೋಣಿ ಹತ್ತಿದಳು. ರಸ್ತೆಯ ಮೇಲೆ ನಿಂತೇ ಬರೆದುಕೊಂಡು ಹೋಗಲಿಲ್ಲ, ಅಷ್ಟು ಹೇಳಬೇಕು. ತುಂಡಿನ ಹತ್ತಿರ ಹೋಗಿ ಒಂದು ತೆನೆ ಹಿಡಿದಳು. ಹಿಡಿದು ಹಾಗೇ ನೋಡಿದಳು.

"ಕಾಳೆಲ್ಲಿ?"

ದೇವಾನಂದ ಕೆಮ್ಮಿದ. ದೋಣಿ ನೂಕುತ್ತಿದ್ದ ಜಟ್ಟು ಗಳ ನಿಲ್ಲಿಸಿ ಹೇಳಿದ, "ಗುರುವಾರ ಇತ್ತು ಅಮಾ. ಸೋಮವಾರನೂ ಇತ್ತು."

ಹುಡುಗಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು. "ನಂಗೆ ತೋರ್ಸೂಕೆ ಇಟ್ಟಿದ್ರಾ?" ಅಂದಳು, ಮೇಡಂ ದನಿ ಬಿಟ್ಟು ಊರ ದನಿಯಲ್ಲಿ. ಅವಳು ಫೋಟೋ ತೆಗೆದಳು, ಫಾರಂ ತೊಡೆಯ ಮೇಲಿಟ್ಟು ಬರೆದಳು. ಕಗ್ಗ ಅಂತ ಬರೆಯುವ ಹಾಗಿರಲಿಲ್ಲ, ಕಂಪ್ಯೂಟರ್ ಪಟ್ಟಿಯಲ್ಲಿ ಆ ಹೆಸರಿಲ್ಲವಂತೆ. ಭತ್ತ, ಇತರೆ, ಅಂತ ಬರೆದಳು. ಬೀಳು ಅನ್ನುವುದು ಹೋಯಿತು. ಹನ್ನೆರಡು ವರ್ಷದ ಬೀಳು ಎರಡು ನಿಮಿಷದಲ್ಲಿ ಹೋಯಿತು.

"ಪಟ್ಟಿ ಕಾರವಾರಕ್ಕೆ ಹೋಗ್ತದೆ. ಕಲ್ಲು ಬರೂದು ಮುಂದಿನ ವರ್ಷ. ನಾನು ಬೆನ್ನು ಹತ್ತುತ್ತೇನೆ," ಅಂದಳು. ಆಮೇಲೆ ಚೀಲದಿಂದ ಇನ್ನೊಂದು ಫಾರಂ ತೆಗೆದಳು. "ಕಾಳು ನಷ್ಟ ಅಂತ ಬರೆದ್ರೆ ಇದೇ ಯೋಜನೆಯಲ್ಲಿ ಬೀಜನೂ ಸಿಗ್ತದೆ. ಎರಡು ಚೀಲ. ಇಲಾಖೆಯ ಬೀಜ."

"ಅದು ಉಪ್ಪು ಕುಡೀತದಾ?" ಅಂತ ಕಟ್ಟೆಯ ಮೇಲಿಂದ ಸುಕ್ರಿ ಕೇಳಿದಳು.

ನೀತಾ ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು. "ಇಲ್ಲ," ಅಂದಳು.

"ಹಂಗಾರೆ ಬರೀಬೇಡಿ. ಅದ್ನ ನಂಬ್ಕಂಡು ಯಾರಾದ್ರೂ ಬಿತ್ತಿಬಿಟ್ರೆ ಕಷ್ಟ."

ಜಟ್ಟು ದೋಣಿಯಿಂದ ಇಳಿದು ಕಟ್ಟೆ ಹತ್ತಿದ. ಅವನಿಗೆ ಮಲಗಬೇಕು ಅನ್ನಿಸುತ್ತಿತ್ತು. ಕಟ್ಟೆ ಉಳಿಯುತ್ತದೆ, ಕಲ್ಲಿನ ಕಟ್ಟೆ, ಅದರೊಳಗೆ ಬಿತ್ತಲು ಏನೂ ಇಲ್ಲ. ಇದನ್ನು ಯಾರಿಗೆ ಬೈಯುವುದು? ಹುಡುಗಿಗೆ ಬೈದರೆ ಅವಳು ಅಳುತ್ತಾಳೆ, ದೇವಾನಂದನಿಗೆ ಬೈದರೆ ಅವನು ನಾಳೆಯೂ ಬಸ್ಸು ಹತ್ತುತ್ತಾನೆ. ಉಳಿದದ್ದು ತಾನು. ತನಗೆ ತಾನೇ ಬೈದುಕೊಳ್ಳುವುದು ಸೋಮವಾರ ರಾತ್ರಿಗೇ ಮುಗಿದಿತ್ತು.

ಆಗ ನೋಡಿದ. ಸುಕ್ರಿಯ ಸೊಂಟದಲ್ಲಿ ಬಳಚು ಜಾಲಿಸುವ ಬುಟ್ಟಿ ಇತ್ತು. ಹೊಳೆಯ ಕೆಸರಲ್ಲಿ ಚಿಪ್ಪುಮೀನು ಹೆಕ್ಕಲು ಹೆಂಗಸರು ಒಯ್ಯುವ ಬಿಡಿಹೆಣಿಗೆಯ ಬುಟ್ಟಿ. ಒಳಗಡೆ ಅವಳು ಹಳೇ ಸೊಳ್ಳೆಪರದೆಯ ತುಂಡು ಹೊಲಿದಿದ್ದಳು. ಅವಳ ಹಿಂದೆ ನೆರೆಮನೆಯ ಕಾಮಿ, ಕಾಮಿಯ ಹಿಂದೆ ಇನ್ನೂ ಹತ್ತು ಹನ್ನೆರಡು ಹೆಂಗಸರು, ಎಲ್ಲರ ಸೊಂಟದಲ್ಲೂ ಬುಟ್ಟಿ.

"ಇಳಿತ ಯಾವಾಗ?" ಅಂತ ಕೇಳಿದಳು ಸುಕ್ರಿ.

"ಈಗಷ್ಟೇ ಶುರುವಾಯ್ತು."

"ಹಲಗೆ ತೆಗೀರಿ. ಗದ್ದೆ ನೀರು ಹೊರಗೆ ಹೋಗ್ಲಿ. ಹೊಳೆ ತಿರುಗೂಕಿಂತ ಮುಂಚೆ ಹಾಕಿ. ಕಾಳು ಕೆಸರಲ್ಲಿದೆ, ಎಲ್ಲೂ ಹೋಗ್ಲಿಲ್ಲ."

ಗದ್ದೆ ನೀರು ಇಳಿಸಬಹುದು ಅನ್ನುವುದು ಬಾಗಿಲು ಕಾಯುವವನಿಗೆ ಹೊಳೆಯದೆ ಹೋಗಿತ್ತು. ಹನ್ನೊಂದು ದಿನ ಹಾಕಿ ಕೂತು ಕೂತು, ಬಾಗಿಲು ಇರುವುದು ಹಾಕುವುದಕ್ಕೆ ಅಂತಲೇ ತಲೆಯಲ್ಲಿ ಕೂತುಬಿಟ್ಟಿತ್ತು.

"ಎರಡು ರಾತ್ರಿ ನೀರಲ್ಲಿದ್ದ ಕಾಳು," ಅಂದ. "ಮೊಳಕೆ ಒಡೆದ್ರೆ?"

"ಒಡೆದದ್ದು ಹೋಯ್ತು. ಒಡೀದಿದ್ದದ್ದು ಒಣಗ್ಸೂದು."

ಜಟ್ಟು ಹಲಗೆ ಎತ್ತಲು ಬಗ್ಗಿದ. ಮಳೆಗಾಲದಿಂದ ನೀರು ಕುಡಿದ ಹಲಗೆ ಅಲ್ಲಾಡಲಿಲ್ಲ. ಎರಡನೇ ಸಲ ಎಳೆಯುವಾಗ ಇನ್ನೊಂದು ಜೊತೆ ಕೈ ಬಂದು ಹಿಡಿಯಿತು. ಹರಿಶ್ಚಂದ್ರ, ಹೆಗಲಲ್ಲಿ ಬಲೆ.

"ನಂಗೆ ಬಾಗಿಲು ತೆಗೆದ್ರಾಯ್ತು ಮಾರಾಯಾ, ಯಾಕೆ ತೆಗೀತಿ ಅಂತ ಕೇಳೂದಿಲ್ಲ," ಅಂದ.

"ಇದು ಒಳಗೆ ಬಿಡೂಕಲ್ಲ. ಹೊರಗೆ ಬಿಡೂಕೆ. ನಿಂಗೆ ಇವತ್ತೂ ಸಿಗಡಿ ಇಲ್ಲ."

ಹರಿಶ್ಚಂದ್ರ ಗದ್ದೆಗೆ ಇಳಿಯುತ್ತಿದ್ದ ಹೆಂಗಸರನ್ನು ನೋಡಿದ. ಸ್ವಲ್ಪ ಹೊತ್ತು ಬಾಯಲ್ಲಿದ್ದ ಎಲೆ ಅಗಿದ. "ಎಳಿ," ಅಂದ. ಹಲಗೆ ಮೇಲೆ ಬಂತು. ಗದ್ದೆಯ ಕಪ್ಪು ನೀರು ಹೊಳೆಗೆ ಬಿದ್ದಿತು. ಅವನು ಬಲೆ ಬಿಚ್ಚಿ ಬಾಗಿಲಿಗೆ ಅಡ್ಡ ಕಟ್ಟಿದ, ನೀರಿನ ಜೊತೆ ತೆನೆ ಗಿನೆ ಹೋದರೆ ಸಿಗಲಿ ಅಂತ.

ಎರಡು ತಾಸಾದ ಮೇಲೆ ಬೀಜದ ತುಂಡಿನಲ್ಲಿ ನೀರು ಮೊಣಕಾಲಿಗೆ ಬಂತು, ಆಮೇಲೆ ಕಣಕಾಲಿಗೆ. ಹೆಂಗಸರು ಸಾಲಾಗಿ ಬಗ್ಗಿ ಕೆಸರು ಬಾಚಿ ಬುಟ್ಟಿಗೆ ಹಾಕಿ, ಉಳಿದ ನೀರಲ್ಲಿ ಜಾಲಿಸಿ, ತಳದಲ್ಲಿ ನಿಂತದ್ದನ್ನು ಸೆರಗಿಗೆ ಸುರಿದುಕೊಳ್ಳುತ್ತಿದ್ದರು. ಕಾಳು, ಚಿಪ್ಪು, ಕಡ್ಡಿ, ಸಣ್ಣ ಏಡಿ, ಎಲ್ಲ ಒಟ್ಟಿಗೆ. ಕಾಮಿ ಒಂದು ಏಡಿಯನ್ನು ಎತ್ತಿ ದಂಡೆಗೆ ಎಸೆದಳು. "ನಿನ್ನ ಹೆಸ್ರು ಪಟ್ಟಿಯಲ್ಲಿಲ್ಲ, ಹೋಗು," ಅಂದಳು. ಹೆಂಗಸರು ನಕ್ಕರು. ಕಟ್ಟೆಯ ಮೇಲೆ ನೀತಾ ಮೇಡಂ ಕೂಡ ನಕ್ಕು, ಆಮೇಲೆ ನಗಬಾರದಿತ್ತೇನೋ ಅನ್ನುವ ಹಾಗೆ ವಾಚು ನೋಡಿಕೊಂಡಳು. ಅವಳ ಬಸ್ಸಿನ ಹೊತ್ತಾಗಿತ್ತು. ಹೋಗುವ ಮುಂಚೆ ದೇವಾನಂದನ ಹತ್ತಿರ ಕಗ್ಗ ಅನ್ನುವುದನ್ನು ಹೇಗೆ ಬರೆಯಬೇಕು ಅಂತ ಕೇಳಿ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ದೇವಾನಂದ ಅವಳನ್ನು ಬಸ್ಸಿಗೆ ಬಿಟ್ಟು ವಾಪಸ್ ಬಂದ, ಪ್ಯಾಂಟು ಮಡಚಿ ಕೆಸರಿಗಿಳಿದ, ಎಲ್ಲಿ ಬಗ್ಗಬೇಕು ಅಂತ ಗೊತ್ತಾಗದೆ ನಿಂತ. ಸುಕ್ರಿ ಅವನ ಕೈಗೆ ಒಂದು ಬುಟ್ಟಿ ಕೊಟ್ಟಳು.

ಹೊಳೆ ತಿರುಗುವುದು ಜಟ್ಟುವಿಗೆ ಕಾಲಿನಲ್ಲಿ ಗೊತ್ತಾಗುತ್ತದೆ. ಬಾಗಿಲ ಬಾಯಲ್ಲಿ ನಿಂತಿದ್ದ ಅವನ ಹಿಮ್ಮಡಿಗೆ ಇಷ್ಟು ಹೊತ್ತು ಗದ್ದೆ ನೀರಿನ ಬಿಸಿ ತಾಗುತ್ತಿತ್ತು. ಈಗ ಮುಂಗಾಲಿಗೆ ಹೊಳೆಯ ತಂಪು ತಾಗಿತು. ಹಲಗೆ ಹಾಕುವ ಹೊತ್ತು. ಅವನು ಕೂಗಿದ.

"ಇನ್ನೂ ಕಾಲು ಭಾಗ ಉಳೀತು," ಅಂದಳು ಸುಕ್ರಿ, ತಲೆ ಎತ್ತದೆ.

ಹಲಗೆ ಹಾಕಿದರೆ ಉಪ್ಪು ಬರುವುದಿಲ್ಲ, ಆದರೆ ಮೇಲಿನ ಹೊಂಡಗಳಲ್ಲಿ ನಿಂತ ನೀರು ಹೊರಹೋಗಲು ದಾರಿಯಿಲ್ಲದೆ ವಾಪಸ್ ಬಂದು ತುಂಡನ್ನು ಮುಚ್ಚುತ್ತದೆ. ಹಾಕದಿದ್ದರೆ ಹೊಳೆಯೇ ಬರುತ್ತದೆ. ಸಂಜೆ ಬಿಸಿಲು ಕಟ್ಟೆಯ ಬಡಗಣ ಮೂಲೆಯ ಮೇಲೆ ಬಿದ್ದಿತ್ತು. ಅಲ್ಲಿ ಮಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು. ಕಲ್ಲು ಬರುವ ತನಕ ಒಂದು ಮಳೆಗಾಲ ಇದೇ ಮಣ್ಣಲ್ಲಿ ತಡೆಯಬೇಕು.

ಜಟ್ಟು ಒಂದು ಹಲಗೆ ಇಳಿಸಿದ. ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಹರಿಶ್ಚಂದ್ರ ಅವನ ಕಡೆ ನೋಡಿದ.

"ಹಾಕೂದಿಲ್ವಾ?"

"ಹಾಕ್ತೆ."

ಇಳಿಸಿದ ಹಲಗೆಯ ನೆತ್ತಿಗೆ ಹೊಳೆ ಬಂತು. ಅವನು ಇನ್ನೂ ಹಿಡಿದುಕೊಂಡೇ ಇದ್ದ. ಗದ್ದೆಯ ನಡುವೆ ಕೆಸರು ಬಾಚುವ ಸದ್ದು ಮೊದಲಿಗಿಂತ ಜೋರಾಗಿ ಕೇಳುತ್ತಿತ್ತು. ನೀರಿನ ಒಂದು ನಾಲಿಗೆ ಹಲಗೆ ದಾಟಿ ಒಳಗೆ ಬಿದ್ದಾಗ ಜಟ್ಟು ಅದನ್ನು ಬೆರಳಲ್ಲಿ ಮುಟ್ಟಿ ಬಾಯಿಗಿಟ್ಟುಕೊಂಡ. ಪೂರ್ತಿ ಉಪ್ಪು. ಕೈಯಲ್ಲಿದ್ದ ಹಲಗೆಯನ್ನು ಕಂಬದ ಸಂದಿಗೆ ಕೂರಿಸಿ, ಮೇಲೆ ಹತ್ತಿ ನಿಂತು, ಮೈಭಾರ ಹಾಕಿ ಅದುಮಿದ.

ಕತ್ತಲಾಗುವಾಗ ಅವನ ಅಂಗಳದ ಚಾಪೆಯ ಮೇಲೆ ಕೆಸರು ಮೆತ್ತಿದ ಕಾಳು ಹರಡಿತ್ತು. ಹುಲ್ಲಿನ ಮೂಟೆ, ಅಂದರೆ ಮುಡೆ, ಕಟ್ಟಿದರೆ ಒಂದೂವರೆ ಆಗಬಹುದು. ಪ್ರತಿ ವರ್ಷ ನಾಲ್ಕಾಗುತ್ತಿತ್ತು. ಸುಕ್ರಿ ಚಿಪ್ಪು ಹೆಕ್ಕಿ ಹೆಕ್ಕಿ ಬದಿಗೆ ಹಾಕುತ್ತಿದ್ದಳು. ನಡುವೆ ಒಂದು ಕಾಳು ತೆಗೆದು ಹಲ್ಲಲ್ಲಿ ಕಚ್ಚಿ ನೋಡಿದಳು.

"ಹೆಂಗಿದೆ?" ಅಂತ ಕೇಳಿದ ಜಟ್ಟು.

"ಗಟ್ಟಿಯಿದೆ. ಇದೊಂದು." ಅವಳು ಸರಿದು ಕೂತು ಚಾಪೆಯ ಬದಿಯಲ್ಲಿ ಅವನಿಗೂ ಜಾಗ ಮಾಡಿಕೊಟ್ಟಳು. "ನಿಂತ್ಕಂಡು ಎಂತ ಕೇಳ್ತ್ರಿ, ಹೆಕ್ಕಿ."